ಪಾತ್ರೆ ತಿಕ್ಕುವ ಹಸಿರು ನಾರು

ಹೋದ ತಿಂಗಳು ಒಂದು ಮಧ್ಯಾಹ್ನ, ಬಳ್ಳಾರಿಯ ಕೌಲ್ ಬಜಾರಿನ ನಾಯಿಗಳೂ ನೆರಳು ಬಿಟ್ಟು ಕದಲದ ಹೊತ್ತಿನಲ್ಲಿ, ತಾಯಿ ಮಗಳು ಇಬ್ಬರು ನನ್ನ ಪಾರ್ಲರಿಗೆ ಬಂದರು. ಮಗಳಿಗೆ ಹದಿನಾಲ್ಕು ವರ್ಷ ಇರಬಹುದು. ಅಂಥ ಸೆಖೆಯಲ್ಲೂ ದುಪಟ್ಟಾವನ್ನು ಕುತ್ತಿಗೆಗೆ ಎರಡು ಸುತ್ತು ಸುತ್ತಿಕೊಂಡಿದ್ದಳು. ತಾಯಿ ಕುಳಿತುಕೊಳ್ಳುವ ಮೊದಲೇ ಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಪಾತ್ರೆ ತಿಕ್ಕುವ ಹಸಿರು ನಾರು.

“ಅಕ್ಕಾ, ಇದರಿಂದಲೂ ಹೋಗುತ್ತಿಲ್ಲ. ಈ ಕುತ್ತಿಗೆಯ ಕೊಳೆಯನ್ನು ನೀವು ಯಂತ್ರದಲ್ಲೇನಾದರೂ ತೆಗೆಯುತ್ತೀರಾ?”

ಹುಡುಗಿ ದುಪಟ್ಟಾ ಬಿಚ್ಚಿದಳು. ಕುತ್ತಿಗೆಯ ಸುತ್ತ ಕಪ್ಪಗೆ, ದಪ್ಪಗೆ, ಮಕಮಲ್ಲಿನಂತೆ ಮೆತ್ತಗೆ ಮಡಿಕೆಗಟ್ಟಿದ ಚರ್ಮ. ಅದರ ಮೇಲೆ ಕೆಂಪು ಗೀರುಗಳು, ಒಂದೆರಡು ಕಡೆ ಹಕ್ಕಳೆ. ಬೆರಳು ತಾಗಿಸಿದೆ. ಹುಡುಗಿ ಉಸಿರು ಬಿಗಿಹಿಡಿದಳು.

“ದಿನಾ ತಿಕ್ಕುತ್ತೀರಾ?”

“ನಾನು ಭಾನುವಾರ ಮಾತ್ರ ತಿಕ್ಕುತ್ತಿದ್ದೆ. ಸ್ನಾನ ಮಾಡುವುದಿಲ್ಲವೇ ಎಂದು ಶಾಲೆಯಲ್ಲಿ ಹುಡುಗಿಯರು ನಗುತ್ತಾರಂತೆ. ಈಗ ಇವಳೇ ದಿನಾ ತಿಕ್ಕಿಕೊಳ್ಳುತ್ತಾಳೆ.”

ಅವರಿಗೆ ನಾನು ಏನು ಹೇಳಿದೆ ಎಂಬುದನ್ನು ಆಮೇಲೆ ಬರೆಯುತ್ತೇನೆ. ಅದಕ್ಕೂ ಮೊದಲು, ಈ ‘ಕೊಳೆ’ ಎಂಬ ಮಾತಿನೊಂದಿಗೆ ನನಗೆ ಹಳೆಯ ಜಗಳವೊಂದಿದೆ.

ಪಾರ್ಲರ್ ತೆರೆದು ಹದಿನೇಳು ವರ್ಷವಾಯಿತು. ಮೂಗಿನ ಮೇಲಿನ ಕೊಳೆ, ಮೊಣಕೈಯ ಕೊಳೆ, ಬೆನ್ನಿನ ಕೊಳೆ, ಕಂಕುಳಿನ ಕೊಳೆ. ಬಂದವರೆಲ್ಲ ಈ ಪಟ್ಟಿ ಹಿಡಿದೇ ಬರುತ್ತಾರೆ. ಆದರೆ ಅವರು ತೋರಿಸುವುದು ಒಂದೇ ವಸ್ತುವಲ್ಲ. ಕೆಲವೊಮ್ಮೆ ಅದು ಧೂಳು, ಕೆಲವೊಮ್ಮೆ ಸತ್ತ ಚರ್ಮ, ಬಹಳ ಸಲ ಚರ್ಮದ ಸ್ವಂತ ಬಣ್ಣ. ಮೂರಕ್ಕೂ ಒಂದೇ ಹೆಸರು ಇಟ್ಟುಕೊಂಡು ಮೂರನ್ನೂ ಒಂದೇ ಕೈಯಿಂದ ಉಜ್ಜುವುದೇ ಎಲ್ಲ ತೊಂದರೆಗೆ ಮೂಲ.

ಧೂಳಿನ ಬಗ್ಗೆ ಬಳ್ಳಾರಿಯವರಿಗೆ ನಾನು ಹೇಳಬೇಕೇ? ಅಂಗಡಿ ತೆರೆದ ಹೊಸತರಲ್ಲಿ ಅದಿರು ಲಾರಿಗಳ ಕಾಲ. ಸಂಡೂರು, ತೋರಣಗಲ್ಲಿನ ಕಡೆಯಿಂದ ಬಂದವರ ಮುಖ ಒರೆಸಿದರೆ ಹತ್ತಿಯ ಉಂಡೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಹತ್ತಿ ಬೆಳ್ಳಗಾಯಿತು. ನನ್ನ ಗಲ್ಲಾಪೆಟ್ಟಿಗೆಯೂ ಹಗುರವಾಯಿತು, ಅದು ಬೇರೆ ಕಥೆ. ಎಷ್ಟೇ ಕೆಂಪಗಿದ್ದರೂ ಧೂಳು ಮೇಲೆ ಕುಳಿತಿರುವುದು ಮಾತ್ರ. ನೀರು ಮತ್ತು ಸೌಮ್ಯವಾದ ಒಂದು ಫೇಸ್‌ವಾಶ್ ಸಾಕು. ಸ್ಕ್ರಬ್ ಬೇಕಿಲ್ಲ.

ಜೀನ್ಸ್ ಘಟಕಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಬೆರಳುಗಳ ನೀಲಿ ಇದಕ್ಕಿಂತ ಸ್ವಲ್ಪ ಹಟಮಾರಿ. ಇಂಡಿಗೊ ನೀರಿನಲ್ಲಿ ಕರಗುವ ಬಣ್ಣವಲ್ಲ, ಸತ್ತ ಚರ್ಮದ ಪದರಕ್ಕೇ ಅಂಟಿಕೊಳ್ಳುತ್ತದೆ. ಮದುವೆಗೆ ಹೋಗಬೇಕೆಂದು ಕಲ್ಲಿನಲ್ಲಿ ಉಜ್ಜಿಕೊಂಡು ಬೆರಳ ಸಂದಿ ಒಡೆದುಕೊಂಡು ಬಂದವರನ್ನು ನೋಡಿದ್ದೇನೆ. ಒಂದಷ್ಟು ದಿನ ಕೆಲಸಕ್ಕೆ ರಜೆ ಸಿಕ್ಕರೆ ಆ ಪದರ ತಾನೇ ಉದುರುತ್ತದೆ, ಬಣ್ಣವೂ ಅದರ ಜೊತೆ ಹೋಗುತ್ತದೆ. ರಜೆ ಎಲ್ಲಿಂದ ತರೋಣ ಎಂದು ಅವರು ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ರಾತ್ರಿ ಹಚ್ಚಿಕೊಳ್ಳಲು ಪೆಟ್ರೋಲಿಯಂ ಜೆಲ್ಲಿ ಮಾತ್ರ ಇದೆ.

ಹಾಗೆ ತಾನೇ ಉದುರುವ ಪದರವನ್ನು ಸ್ವಲ್ಪ ಬೇಗ ಉದುರಿಸುವುದಕ್ಕೆ ‘ಎಕ್ಸ್‌ಫೋಲಿಯೇಷನ್’ ಎಂಬ ದೊಡ್ಡ ಹೆಸರು. ಹಾವು ಒಂದೇ ಸಲಕ್ಕೆ ಪೊರೆ ಬಿಡುತ್ತದೆ, ನಾವು ದಿನವೂ ಕಣ್ಣಿಗೆ ಕಾಣದಂತೆ ಬಿಡುತ್ತಿರುತ್ತೇವೆ. ಚರ್ಮದ ತಳದಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರಲು ಪ್ರಾಯದಲ್ಲಿ ಸುಮಾರು 28 ದಿನ ಬೇಕು. ವಯಸ್ಸಾದಂತೆ ಇನ್ನೂ ನಿಧಾನ. ಕೆಲವರಲ್ಲಿ ಈ ಉದುರುವಿಕೆ ಸರಾಗವಾಗಿರುವುದಿಲ್ಲ. ಸತ್ತ ಕೋಶಗಳು ಒಂದಕ್ಕೊಂದು ಅಂಟಿಕೊಂಡೇ ಕುಳಿತು ಮುಖ ಮಂಕಾಗುತ್ತದೆ, ಒರಟಾಗುತ್ತದೆ, ರಂಧ್ರ ಮುಚ್ಚಿ ಮೊಡವೆಯಾಗುತ್ತದೆ. ಅಂಥವರಿಗೆ ಸಹಾಯ ಬೇಕು. ಅದನ್ನು ಎರಡು ರೀತಿ ಮಾಡಬಹುದು: ಕಾಳು, ಬಟ್ಟೆ, ನಾರಿನಿಂದ ಉಜ್ಜಿ ತೆಗೆಯುವುದು, ಇಲ್ಲವೇ ಆ ಅಂಟನ್ನು ಆಮ್ಲದಿಂದ ಸಡಿಲಿಸಿ ಬಿಡುವುದು.

ಮೊದಲ ಮೂರು ವರ್ಷ ನನಗೆ ಗೊತ್ತಿದ್ದುದು ಉಜ್ಜುವುದೊಂದೇ. ಅಕ್ರೋಟಿನ ಚಿಪ್ಪಿನ ಪುಡಿ ಹಾಕಿದ ಸ್ಕ್ರಬ್ಬಿನ ಒಂದು ಕಿಲೋ ಡಬ್ಬಿ. ಬಂದವರಿಗೆಲ್ಲ ಅದೇ. ಎಣ್ಣೆ ಮುಖಕ್ಕೂ ಒಣ ಮುಖಕ್ಕೂ, ಹದಿನೆಂಟಕ್ಕೂ ಅರವತ್ತಕ್ಕೂ. ಹತ್ತು ನಿಮಿಷ ತಿಕ್ಕಿ, ಹಬೆ ಕೊಟ್ಟು, ಮುಖ ಕೆಂಪಾದರೆ ‘ರಕ್ತ ಸಂಚಾರ ಚೆನ್ನಾಗಿ ಆಯಿತು’ ಎನ್ನುತ್ತಿದ್ದೆ. ತರಬೇತಿಯಲ್ಲಿ ಹಾಗೇ ಕಲಿಸಿದ್ದರು.

ನಾಲ್ಕನೆಯ ವರ್ಷದ ಮೇ ತಿಂಗಳಲ್ಲಿ ಒಬ್ಬ ಮದುಮಗಳು ಬಂದಳು. ಸಿರುಗುಪ್ಪದಲ್ಲಿ ಮದುವೆ, ಮೂರು ದಿನ ಬಾಕಿ. ನನ್ನ ಮಾಮೂಲಿ ಕ್ರಮದಂತೆ ತಿಕ್ಕಿದೆ, ಹಬೆ ಕೊಟ್ಟೆ, ಮೇಲ್ದುಟಿಗೆ ವ್ಯಾಕ್ಸ್ ಹಾಕಿ ಎಳೆದೆ. ಪಟ್ಟಿಯ ಜೊತೆ ಚರ್ಮವೂ ಬಂತು. ಕೂದಲಲ್ಲ, ಚರ್ಮ. ಈರುಳ್ಳಿಯ ಒಳಸಿಪ್ಪೆಯಷ್ಟು ತೆಳುವಾದ, ತೇವವಾದ ಒಂದು ಹಾಳೆ ಪಟ್ಟಿಗೆ ಅಂಟಿಕೊಂಡಿತ್ತು. ಹುಡುಗಿ ಕಿರುಚಲಿಲ್ಲ. ಕನ್ನಡಿಯಲ್ಲಿ ನನ್ನ ಮುಖ ನೋಡಿ ಅವಳಿಗೆ ಏನೋ ಆಗಿದೆ ಎಂದು ಗೊತ್ತಾಯಿತು.

ಮೊಡವೆಗೆಂದು ವೈದ್ಯರು ಬರೆದುಕೊಟ್ಟಿದ್ದ ಟ್ರೆಟಿನಾಯಿನ್ ಜೆಲ್ಲನ್ನು ಅವಳು ಎರಡು ತಿಂಗಳಿಂದ ರಾತ್ರಿ ಹಚ್ಚಿಕೊಳ್ಳುತ್ತಿದ್ದಳು. ಆ ಔಷಧವೇ ಮೇಲಿನ ಪದರವನ್ನು ತೆಳುಮಾಡಿ ಬೇಗ ಬೇಗ ಉದುರಿಸುತ್ತದೆ. ಅದರ ಮೇಲೆ ನನ್ನ ಅಕ್ರೋಟು, ಅದರ ಮೇಲೆ ಹಬೆ, ಅದರ ಮೇಲೆ ವ್ಯಾಕ್ಸ್. ಅವಳು ಹೇಳಲಿಲ್ಲ, ಯಾಕೆಂದರೆ ನಾನು ಕೇಳಲಿಲ್ಲ. ಸಂಜೆ ಅವಳ ಅಜ್ಜಿ ಬಂದು ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆ ಇವತ್ತಿಗೂ ಕಿವಿಯಲ್ಲಿದೆ: “ಏನಮ್ಮಾ, ನೀನು ಮುಖ ತೊಳೆದೆಯೋ ಪಾತ್ರೆ ತೊಳೆದೆಯೋ?”

ದುಡ್ಡು ವಾಪಸು ಕೊಟ್ಟೆ, ಚರ್ಮದ ವೈದ್ಯರ ಹತ್ತಿರ ನಾನೇ ಆಟೋದಲ್ಲಿ ಕರೆದುಕೊಂಡು ಹೋದೆ. ಮದುವೆಯ ಫೋಟೋಗಳಲ್ಲಿ ಅವಳ ಮೇಲ್ದುಟಿಯ ಮೇಲೆ ಕಂದು ಗೆರೆ ಇದೆ. ಅದು ಮಾಸಲು ಏಳೆಂಟು ತಿಂಗಳು ಬೇಕಾಯಿತು. ಆ ವೈದ್ಯೆ ನನ್ನನ್ನು ಬೈಯಲಿಲ್ಲ. ಮುಖ ಮುಟ್ಟುವ ಮೊದಲು ಏನೇನು ಕೇಳುತ್ತೀಯ ಎಂದರು. ನಾನು ಸುಮ್ಮನಿದ್ದೆ. ಮರುದಿನವೇ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಈಗ ಐದನೆಯದು ನಡೆಯುತ್ತಿದೆ. ಯಾವ ಕ್ರೀಮ್ ಹಚ್ಚುತ್ತೀರಿ, ಮೊಡವೆಗೆ ಮಾತ್ರೆ ನುಂಗುತ್ತಿದ್ದೀರಾ, ಗರ್ಭಿಣಿಯೇ, ಸಕ್ಕರೆ ಕಾಯಿಲೆ ಇದೆಯೇ, ಬಿಸಿಲಿನಲ್ಲಿ ಎಷ್ಟು ಹೊತ್ತು ಇರುತ್ತೀರಿ. ಇಷ್ಟು ಬರೆದುಕೊಳ್ಳದೆ ನಾನು ಹತ್ತಿಯ ಉಂಡೆಯನ್ನೂ ಕೈಗೆತ್ತಿಕೊಳ್ಳುವುದಿಲ್ಲ. ರೇಗುವವರು ರೇಗಲಿ.

ಇನ್ನು ಚರ್ಮದ ಬಗೆ. ಇದನ್ನು ಜನ ಜಾತಕದಲ್ಲಿ ಬರೆದದ್ದು ಎಂಬಂತೆ ಹೇಳುತ್ತಾರೆ: “ನನ್ನದು ಎಣ್ಣೆ ಚರ್ಮ.” ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ದಾಟಿದಾಗ ಈ ಊರಿನಲ್ಲಿ ಯಾರ ಮುಖ ಹೊಳೆಯುವುದಿಲ್ಲ? ಅದೇ ಮುಖ ಡಿಸೆಂಬರಿನಲ್ಲಿ ಬಿರಿಯುತ್ತದೆ. ನಾನು ಮಾಡಿಸುವುದು ಸರಳ ಪರೀಕ್ಷೆ. ಮುಖ ತೊಳೆದು, ಏನೂ ಹಚ್ಚದೆ, ಫ್ಯಾನಿನ ಗಾಳಿಗೆ ನೇರವಾಗಿ ಕೂರದೆ ಒಂದು ಗಂಟೆ ಬಿಡಿ. ಆಮೇಲೆ ಇಡೀ ಮುಖ ಹೊಳೆದರೆ ಎಣ್ಣೆಯದು. ಹಣೆ, ಮೂಗು ಮಾತ್ರ ಹೊಳೆದು ಕೆನ್ನೆ ಸುಮ್ಮನಿದ್ದರೆ ಮಿಶ್ರ. ನಕ್ಕರೆ ಕೆನ್ನೆ ಬಿಗಿದಂತಾದರೆ ಒಣ. ಬರೀ ನೀರು ಬಿದ್ದದ್ದಕ್ಕೇ ಕೆಂಪಾಗಿ ಉರಿದರೆ, ಅದು ಎಣ್ಣೆಯದಿರಲಿ ಒಣದಿರಲಿ, ಸೂಕ್ಷ್ಮ ಚರ್ಮ.

ಎಣ್ಣೆ ಚರ್ಮದವರು, ಮೂಗಿನ ಮೇಲೆ ಕಪ್ಪು ಚುಕ್ಕೆಯವರು ಉಜ್ಜುವುದರಲ್ಲಿ ಮೊದಲಿಗರು. ಆ ಚುಕ್ಕೆ ಧೂಳಲ್ಲ. ರಂಧ್ರದೊಳಗೆ ಎಣ್ಣೆ ಮತ್ತು ಸತ್ತ ಕೋಶ ಸೇರಿ ಗಟ್ಟಿಯಾದ ಬೆಣೆ ಅದು. ಬಾಯಿ ತೆರೆದಿರುವುದರಿಂದ ಗಾಳಿ ತಾಗಿ ಕಪ್ಪಾಗಿದೆ, ಅಷ್ಟೆ. ಸ್ಕ್ರಬ್ ಅದರ ತಲೆಯನ್ನು ಮಾತ್ರ ಸವರುತ್ತದೆ. ಒಳಗೆ ಇಳಿಯಬಲ್ಲದ್ದು ಸ್ಯಾಲಿಸಿಲಿಕ್ ಆಮ್ಲ, ಏಕೆಂದರೆ ಅದು ಎಣ್ಣೆಯಲ್ಲಿ ಕರಗುತ್ತದೆ. ಶೇ 2ರದ್ದು ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಮೊದಲು ವಾರಕ್ಕೆ ಎರಡು ರಾತ್ರಿ ಮಾತ್ರ. ಚರ್ಮ ಒಪ್ಪಿಕೊಂಡರೆ ಮೂರು. ಆಸ್ಪಿರಿನ್ ಮಾತ್ರೆ ಆಗದವರು ಮುಟ್ಟಬಾರದು, ಗರ್ಭಿಣಿಯರು ವೈದ್ಯರನ್ನು ಕೇಳದೆ ಹಚ್ಚಬಾರದು. ಕೀವು ತುಂಬಿದ ಮೊಡವೆಯ ಮೇಲೆ ಕಾಳಿನ ಸ್ಕ್ರಬ್ ಉಜ್ಜುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೊಡವೆ ಒಡೆಯುತ್ತದೆ, ಕಲೆ ಉಳಿಯುತ್ತದೆ. ಹುಡುಗಿಯರ ಹಾಸ್ಟೆಲ್ಲಿನಿಂದ ಬರುವ ಅರ್ಧದಷ್ಟು ಕಲೆಗಳು ಹೀಗೆ ಆದವು.

ಒಣ ಚರ್ಮದವರು ಆಮ್ಲ ಎಂದರೆ ಬೆಚ್ಚುತ್ತಾರೆ. ನಿವೃತ್ತ ಶಿಕ್ಷಕಿಯೊಬ್ಬರು ನನ್ನ ಕಾಯಂ ಗ್ರಾಹಕರು. “ಆಸಿಡ್ ಬಚ್ಚಲು ತೊಳೆಯುವುದಕ್ಕಲ್ಲವೇನಮ್ಮಾ” ಎಂದರು. ಮೊಸರಿನಲ್ಲಿರುವುದೂ ಆಮ್ಲವೇ ಟೀಚರ್ ಎಂದೆ. ಲ್ಯಾಕ್ಟಿಕ್ ಆಮ್ಲ ಮೊಸರಿನದು, ಗ್ಲೈಕಾಲಿಕ್ ಕಬ್ಬಿನದು, ಮ್ಯಾಂಡೆಲಿಕ್ ಕಹಿ ಬಾದಾಮಿಯದು. ಈಗ ಬಾಟಲಿಗೆ ಬರುವುದು ಹೆಚ್ಚಾಗಿ ಕಾರ್ಖಾನೆಯಲ್ಲಿ ತಯಾರಾದದ್ದು, ಆದರೆ ವಸ್ತು ಅದೇ. ಗ್ಲೈಕಾಲಿಕ್‌ನ ಅಣು ಎಲ್ಲಕ್ಕಿಂತ ಚಿಕ್ಕದು, ಬೇಗ ಒಳಹೊಕ್ಕು ಚುರುಕು ಮುಟ್ಟಿಸುತ್ತದೆ. ಲ್ಯಾಕ್ಟಿಕ್ ಅದಕ್ಕಿಂತ ಸೌಮ್ಯ, ಮೇಲಾಗಿ ಚರ್ಮದಲ್ಲಿ ತೇವವನ್ನು ಹಿಡಿದಿಡುತ್ತದೆ. ಟೀಚರಿಗೆ ಶೇ 5ರ ಲ್ಯಾಕ್ಟಿಕ್ ಹೇಳಿದೆ. ವಾರಕ್ಕೆ ಒಂದೇ ರಾತ್ರಿ, ಅದರ ಮೇಲೆ ದಪ್ಪ ಮಾಯಿಶ್ಚರೈಸರ್. ನಮ್ಮ ಕಪ್ಪು, ಗೋಧಿ ಬಣ್ಣದ ಚರ್ಮಕ್ಕೆ, ಬೇಗ ಕಲೆ ಬೀಳುವವರಿಗೆ, ನಾನು ಗ್ಲೈಕಾಲಿಕ್‌ಗಿಂತ ಮ್ಯಾಂಡೆಲಿಕ್ ಮೇಲೆಯೇ ಹೆಚ್ಚು ನಂಬಿಕೆ ಇಟ್ಟಿದ್ದೇನೆ; ಅದರ ಅಣು ದೊಡ್ಡದು, ನಿಧಾನವಾಗಿ ಇಳಿಯುತ್ತದೆ.

ಮಿಶ್ರ ಚರ್ಮದವರು ಇಡೀ ಮುಖಕ್ಕೆ ಒಂದೇ ಹಚ್ಚಬೇಕೆಂದು ಯಾರು ಹೇಳಿದರೋ ತಿಳಿಯದು. ಮೂಗಿಗೆ ಒಂದು, ಕೆನ್ನೆಗೆ ಒಂದು. ಹೊಲದಲ್ಲಿ ಎರೆ ಮಣ್ಣಿಗೆ ಹತ್ತಿ, ಮಸಾರಿಗೆ ಶೇಂಗಾ ಬಿತ್ತುವುದಿಲ್ಲವೇ?

ಸೂಕ್ಷ್ಮ ಚರ್ಮದವರಿಗೆ ನನ್ನ ಸಲಹೆ ಕೇಳಿದರೆ ಅಂಗಡಿ ಮುಚ್ಚಬೇಕಾಗುತ್ತದೆ: ಏನೂ ಮಾಡಬೇಡಿ. ಮಾಡಲೇಬೇಕೆಂದರೆ ಮೆತ್ತನೆಯ ಒದ್ದೆ ಹತ್ತಿಬಟ್ಟೆಯಿಂದ ಒತ್ತದೆ ಒರೆಸಿಕೊಳ್ಳಿ, ಇಲ್ಲವೇ ಗ್ಲೂಕೊನೊಲ್ಯಾಕ್ಟೋನ್ ಎಂಬ ಸೌಮ್ಯ ಜಾತಿಯ ಆಮ್ಲವನ್ನು ಮೊದಲು ಕಿವಿಯ ಹಿಂದೆ ಹಚ್ಚಿ ಎರಡು ದಿನ ನೋಡಿ. ಇವರಲ್ಲಿ ಒಂದು ಗುಂಪಿನವರ ಸೂಕ್ಷ್ಮತೆ ಹುಟ್ಟಿನದಲ್ಲ, ಕೊಂಡು ತಂದದ್ದು. ಬೆಳ್ಳಗಾಗಲೆಂದು ಔಷಧಿ ಅಂಗಡಿಯಲ್ಲಿ ಕೇಳಿ ತಂದ ಟ್ಯೂಬ್, ಒಳಗೆ ಸ್ಟಿರಾಯ್ಡ್. ಮೊದಲ ತಿಂಗಳು ಮುಖ ಹೊಳೆಯುತ್ತದೆ. ಆರು ತಿಂಗಳಿಗೆ ಚರ್ಮ ಕಾಗದದಂತಾಗಿ ಕೆಂಪು ನರಗಳು ಕಾಣತೊಡಗುತ್ತವೆ, ಬಿಟ್ಟರೆ ಮುಖ ಉರಿಯುತ್ತದೆ, ಮತ್ತೆ ಹಚ್ಚುತ್ತಾರೆ. ಅಂಥವರ ಮುಖವನ್ನು ನಾನು ಮುಟ್ಟುವುದಿಲ್ಲ, ನೇರ ವೈದ್ಯರ ಹತ್ತಿರ ಕಳುಹಿಸುತ್ತೇನೆ.

ಹಾಗಾದರೆ ಕಡಲೆಹಿಟ್ಟು ಕೆಟ್ಟದ್ದೇ ಎಂದು ಕೇಳುವವರಿದ್ದಾರೆ. ಅಲ್ಲ. ನರಕ ಚತುರ್ದಶಿಯ ನಸುಕಿನಲ್ಲಿ ನಮ್ಮ ಅಜ್ಜಿ ನಮ್ಮನ್ನೆಲ್ಲ ಮಣೆಯ ಮೇಲೆ ಕೂರಿಸಿ, ಬೆಚ್ಚಗಿನ ಎಣ್ಣೆಯನ್ನು ನೆತ್ತಿಯಿಂದ ಪಾದದವರೆಗೆ ಇಳಿಸಿ, ಅರ್ಧ ಗಂಟೆ ಬಿಟ್ಟು, ಆಮೇಲೆ ಕಡಲೆಹಿಟ್ಟು ಹಾಕುತ್ತಿದ್ದಳು. ಎಣ್ಣೆ ಮೊದಲು ಎಂಬುದೇ ಗುಟ್ಟು. ಮೈ ನೆಂದಿರುತ್ತದೆ, ಹಿಟ್ಟು ಜಾರುತ್ತದೆ, ಎಣ್ಣೆಯನ್ನು ಎತ್ತಿಕೊಂಡು ಹೋಗುತ್ತದೆ, ಗೀರುವುದಿಲ್ಲ. ನಾವೀಗ ಎಣ್ಣೆ ಬಿಟ್ಟೆವು, ಒಣ ಹಿಟ್ಟನ್ನು ಒಣ ಮುಖಕ್ಕೆ ತಿಕ್ಕಿ ಅಜ್ಜಿಯ ಪದ್ಧತಿ ಎನ್ನುತ್ತೇವೆ. ನಿಂಬೆಹಣ್ಣಿಗೆ ಸಕ್ಕರೆ ಅದ್ದಿ ಉಜ್ಜುವುದಂತೂ ಯಾವ ಅಜ್ಜಿಯೂ ಹೇಳಿಕೊಟ್ಟದ್ದಲ್ಲ, ಮೊಬೈಲ್ ಹೇಳಿಕೊಟ್ಟದ್ದು. ಪಿಎಚ್ ಎಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಚರ್ಮದ ಪಿಎಚ್ ಐದರ ಆಸುಪಾಸು, ನಿಂಬೆ ರಸದ್ದು ಎರಡರ ಹತ್ತಿರ. ಮೂರೇ ಅಂಕಿ ಎನ್ನಬೇಡಿ. ಒಂದೊಂದು ಅಂಕಿಗೆ ಹುಳಿ ಹತ್ತು ಪಟ್ಟು, ಒಟ್ಟು ಸಾವಿರ ಪಟ್ಟು. ಆ ರಸ ಮುಖದ ಮೇಲಿರುವಾಗ ಬಿಸಿಲು ತಾಗಿದರೆ ಬೊಬ್ಬೆ ಏಳುವುದೂ ಉಂಟು, ಕಪ್ಪು ಪಟ್ಟೆ ತಿಂಗಳುಗಟ್ಟಲೆ ಉಳಿಯುವುದೂ ಉಂಟು.

ಬಿಸಿಲಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಗ್ಲೈಕಾಲಿಕ್‌ನಂಥ ಆಮ್ಲ ಹಚ್ಚಿದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಹಗಲು ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಬೇಕೇ ಬೇಕು, ಆಮ್ಲ ಬಿಟ್ಟ ಮೇಲೂ ಒಂದು ವಾರ. “ಅಷ್ಟೆಲ್ಲ ಯಾರು ಹಚ್ಚಿಕೊಳ್ಳುತ್ತಾರೆ” ಎನ್ನುವವರಿಗೆ ನಾನು ಆಮ್ಲ ಹೇಳುವುದೇ ಇಲ್ಲ.

ಮೈಯ ಚರ್ಮಕ್ಕೆ ಮುಖದಷ್ಟು ನಾಜೂಕಿಲ್ಲ, ಆದರೂ ಅಲ್ಲಿಯೂ ಆಟ ಬೇರೆ ಬೇರೆ. ತೋಳಿನ ಹಿಂಭಾಗದಲ್ಲಿ ರವೆಯಂತೆ ಕೈಗೆ ತಾಗುವ ಗುಳ್ಳೆಗಳು ಅನೇಕರಿಗೆ ಹುಟ್ಟಿನಿಂದ ಬಂದ ಸ್ವಭಾವ. ಉಜ್ಜಿದರೆ ಕೆಂಪಾಗುತ್ತವೆ, ಲ್ಯಾಕ್ಟಿಕ್ ಅಥವಾ ಯೂರಿಯಾ ಇರುವ ಲೋಷನ್ನಿಗೆ ಮೆತ್ತಗಾಗುತ್ತವೆ. ಒರಟು ಕಲ್ಲಿಗೆ ಹಕ್ಕಿರುವುದು ಹಿಮ್ಮಡಿಯ ಮೇಲೆ ಮಾತ್ರ. ಅಲ್ಲಿಯೂ ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಮೆಲ್ಲಗೆ ಉಜ್ಜಿ, ಶೇ 20ರ ಯೂರಿಯಾ ಕ್ರೀಮ್ ಹಚ್ಚಿ, ಹತ್ತಿಯ ಕಾಲುಚೀಲ ಹಾಕಿ ಮಲಗಬೇಕು. ಸಕ್ಕರೆ ಕಾಯಿಲೆಯವರ ಪಾದಕ್ಕೆ ನಾನು ಕಲ್ಲನ್ನೂ ತಾಗಿಸುವುದಿಲ್ಲ, ಬ್ಲೇಡಿನ ಮಾತಂತೂ ದೂರ.

ನಮ್ಮ ಮನೆಯವರ ಬೆನ್ನಿನ ವಿಷಯ ಬರೆಯಬೇಡ ಎಂದಿದ್ದಾರೆ. ಬರೆಯುತ್ತೇನೆ. ಇಪ್ಪತ್ತು ವರ್ಷದಿಂದ ಎರಡು ಕಡೆ ಹಿಡಿ ಇರುವ ನೈಲಾನ್ ಪಟ್ಟಿಯಿಂದ ಬೆನ್ನು ಎಳೆದೆಳೆದು ಉಜ್ಜುವುದು ಅವರ ಅಭ್ಯಾಸ. ಕೆರೆಯ ನೀರಿಗೆ ಗಾಳಿ ಬೀಸಿದಾಗ ಏಳುವ ಅಲೆಗಳಂತೆ ಭುಜದ ಕೆಳಗೆ ಕಂದು ಗೆರೆಗಳೆದ್ದಿವೆ. ಅದನ್ನು ಕೊಳೆ ಎಂದುಕೊಂಡು ಇನ್ನೂ ಜೋರಾಗಿ ಉಜ್ಜುತ್ತಾರೆ. ಉಜ್ಜಿದಷ್ಟೂ ಚರ್ಮ ಪೆಟ್ಟಾಯಿತೆಂದು ತಿಳಿದು ತನ್ನ ಬಣ್ಣವನ್ನು ಹೆಚ್ಚು ಹೆಚ್ಚು ಸುರಿಯುತ್ತದೆ. ವೈದ್ಯರು ಇದಕ್ಕೆ ಘರ್ಷಣೆಯ ಕಪ್ಪು ಎಂಬರ್ಥದ ಹೆಸರು ಕೊಟ್ಟಿದ್ದಾರೆ; ಮೊದಲ ಚಿಕಿತ್ಸೆ ಉಜ್ಜುವುದನ್ನು ನಿಲ್ಲಿಸುವುದು. ಊರಿನ ಹೆಂಗಸರಿಗೆಲ್ಲ ಬುದ್ಧಿ ಹೇಳುವ ನನಗೆ ಮನೆಯ ಬಚ್ಚಲಿನಿಂದ ಆ ಪಟ್ಟಿಯನ್ನು ತೆಗೆಯಲು ಆಗಿಲ್ಲ. ಎರಡು ಸಲ ಎಸೆದೆ, ಎರಡು ಸಲವೂ ಹೊಸದು ಬಂತು.

ಆ ಹುಡುಗಿಗೆ ನಾನು ಹೇಳಿದ್ದು ಇದು. ಇದು ಕೊಳೆಯಲ್ಲ ಮಗಳೇ, ನೀನು ಸ್ನಾನ ಸರಿಯಾಗಿಯೇ ಮಾಡುತ್ತಿದ್ದೀಯ. ತಾಯಿಯನ್ನು ಕೇಳಿದೆ: ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ? ಅವಳ ತಂದೆಗೆ, ಅಜ್ಜಿಗೆ. ಕಂಕುಳಲ್ಲೂ ಹೀಗೇ ಕಪ್ಪಾಗಿದೆಯೇ? ಹುಡುಗಿ ಹೌದೆಂದು ತಲೆಯಾಡಿಸಿದಳು. ಮೈಯಲ್ಲಿ ಇನ್ಸುಲಿನ್ ತನ್ನ ಕೆಲಸ ಸರಿಯಾಗಿ ಮಾಡಲಾಗದೆ ಹೆಚ್ಚು ಹೆಚ್ಚು ಹುಟ್ಟತೊಡಗಿದಾಗ ಮಡಿಕೆಗಳ ಚರ್ಮ ಹೀಗೆ ದಪ್ಪವಾಗಿ ಕಪ್ಪಾಗುತ್ತದೆ. ಇದಕ್ಕೆ ಅಕಾಂಥೋಸಿಸ್ ನೈಗ್ರಿಕನ್ಸ್ ಎನ್ನುತ್ತಾರೆ. ನಾನು ವೈದ್ಯೆಯಲ್ಲ, ಇದೇ ಅದು ಎಂದು ಹೇಳಲಾರೆ, ಆದರೆ ರಕ್ತ ಪರೀಕ್ಷೆ ಮಾಡಿಸದೆ ಬಿಡಬೇಡಿ ಎಂದೆ.

ತಾಯಿಗೆ ಸಮಾಧಾನವಾಗಲಿಲ್ಲ. “ದುಡ್ಡು ಎಷ್ಟಾದರೂ ಆಗಲಿ ಅಕ್ಕಾ, ಇವತ್ತು ಒಂದು ಸಲ ಸ್ಕ್ರಬ್ ಮಾಡಿಬಿಡಿ” ಎಂದರು. ಮಾಡುವುದಿಲ್ಲ ಎಂದೆ. ದುಡ್ಡು ಬೇಡವೆನ್ನುವ ಪಾರ್ಲರಿನವಳನ್ನು ಅನುಮಾನದಿಂದ ನೋಡುತ್ತಾ ಹೋದರು. ಹಕ್ಕಳೆಗೆ ಹಚ್ಚಲು ಕೊಟ್ಟ ಪೆಟ್ರೋಲಿಯಂ ಜೆಲ್ಲಿಯ ಡಬ್ಬಿಯನ್ನು ಹುಡುಗಿ ಮಾತ್ರ ಎತ್ತಿಕೊಂಡಳು.

ಕಳೆದ ಶನಿವಾರ ಮತ್ತೆ ಬಂದಿದ್ದರು, ವರದಿ ಹಿಡಿದುಕೊಂಡು. ಸಕ್ಕರೆ ಕಾಯಿಲೆಯ ಗಡಿಯಲ್ಲಿದ್ದಾಳಂತೆ. ತಂಪು ಪಾನೀಯ, ಬೇಕರಿ ತಿಂಡಿ ಬಂದ್, ದಿನಾ ಸಂಜೆ ನಡಿಗೆ. ಕುತ್ತಿಗೆ ತಿಳಿಯಾಗಲು ತಿಂಗಳುಗಳೇ ಬೇಕು ಎಂದು ವೈದ್ಯರು ಹೇಳಿದ್ದಾರೆ. ತಾಯಿ ಮಗಳು ಇಬ್ಬರೂ ಕೋಟೆಯ ಕಡೆಗೆ ನಡೆಯುತ್ತಿದ್ದಾರಂತೆ. ಕಪ್ಪು ಹಾಗೆಯೇ ಇತ್ತು. ಗೀರುಗಳು ಮಾತ್ರ ಮಾಯ್ದಿದ್ದವು. ದುಪಟ್ಟಾ ಈಗ ಒಂದೇ ಸುತ್ತು.

ಹೊರಡುವಾಗ ತಾಯಿ ಮೇಜಿನ ಮೇಲೆ ಕಣ್ಣಾಡಿಸಿದರು.

“ಅಕ್ಕಾ, ಅವತ್ತು ಇಲ್ಲೊಂದು ನಾರು ಬಿಟ್ಟು ಹೋಗಿದ್ದೆ. ಹೊಸದಿತ್ತು.”

“ವ್ಯಾಕ್ಸ್ ಕಾಯಿಸುವ ಪಾತ್ರೆ ತಿಕ್ಕಿಕೊಂಡೆ, ಚೆನ್ನಾಗಿದೆ” ಎಂದೆ.